ಹೆಸರು ಒಂದೇ, ಕಂಬಳಿ ಬೇರೆ: ಲಸಿಕೆ ಹಾಕಿಸಿದ ಕುರಿ ಸತ್ತಿದ್ದು ಯಾಕೆ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು. 140 ಕುರಿ ಇವೆ. ಪ್ರತಿ ವರ್ಷ ಹರಿಹರ, ಮಲೇಬೆನ್ನೂರು ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಮಂದೆ ತರುಬಿ, ಮಳೆಗಾಲಕ್ಕೆ ಮುಂಚೆ ಊರಿಗೆ ಬರುತ್ತೇವೆ. ಈ ಸಲ ಏಪ್ರಿಲ್‌ನಲ್ಲೇ ಗಳಲೆ (ಗಂಟಲು ಬೇನೆ) ರೋಗದ ಲಸಿಕೆ ಹಾಕಿಸಿದ್ದೆವು. ಮೇ ಕೊನೆಗೆ ಲಾರಿಯಲ್ಲಿ ವಾಪಸ್ ಬಂದೆವು. ಬಂದ ರಾತ್ರಿಯೇ ಜೋರು ಮಳೆ. ನಾಲ್ಕನೇ ದಿನದಿಂದ ಕೆಮ್ಮು, ಸಿಂಬಳ, ದಮ್ಮು. ಹತ್ತು ದಿನದಲ್ಲಿ 13 ಸತ್ತವು, ಮರಿಗಳೇ ಜಾಸ್ತಿ. ಶ್ವಾಸಕೋಶದ ತುಂಡು ಪರೀಕ್ಷೆಗೆ ಹೋಗಿ ‘ಪಾಶ್ಚುರೆಲ್ಲಾ ಮಲ್ಟೊಸಿಡಾ, ಟೈಪ್ ಎ’ ಅಂತ ವರದಿ ಬಂತು. ಲಸಿಕೆ ಬಾಟಲಿ ಮೇಲೂ ಪಾಶ್ಚುರೆಲ್ಲಾ ಮಲ್ಟೊಸಿಡಾ ಅಂತಲೇ ಇದೆ! ಪಕ್ಕದ ಹಟ್ಟಿಯವರು ‘ಲಸಿಕೆ ಬರೀ ನೀರು’ ಅಂತಾರೆ. ಇನ್ನೊಬ್ಬರು ‘ಲಸಿಕೆ ಹಾಕಿ ಹಾಕಿ ಕ್ರಿಮಿ ವೇಷ ಬದಲಾಯಿಸಿದೆ’ ಅಂತಾರೆ. ದಾವಣಗೆರೆಯಲ್ಲಿ ಬಿಎಸ್ಸಿ ಓದುವ ಮಗ ‘ಇಲಿಗೆ ಕೊಟ್ಟು ಪರೀಕ್ಷೆ ಮಾಡಿಯೇ ಬಿಟ್ಟಿರ್ತಾರೆ, ಹಾಗಾದ್ರೆ ಕುರಿ ಯಾಕೆ ಸತ್ತವು?’ ಅಂತ ಕೇಳ್ತಾನೆ. ಮುಂದಿನ ಸಲ ಡಬಲ್ ಡೋಸ್ ಹಾಕಿಸಬೇಕಾ? ಇಲ್ಲಾ ಲಸಿಕೆ ಬಿಟ್ಟೇಬಿಡಬೇಕಾ?

ಉತ್ತರ: ಬಾಟಲಿಯನ್ನೂ ವರದಿಯನ್ನೂ ಅಕ್ಕಪಕ್ಕ ಇಟ್ಟು ಓದಿದ್ದೀರಿ. ನಾನು ನೋಡಿದ ಎಷ್ಟೋ ಕುರಿಗಾರರು ಬಾಟಲಿಯನ್ನು ಅವತ್ತೇ ಬಿಸಾಕಿರುತ್ತಾರೆ. ನಿಮ್ಮ ಗೊಂದಲಕ್ಕೆ ಉತ್ತರ ಇರುವುದು ವರದಿಯ ಕೊನೆಯ ಎರಡು ಪದದಲ್ಲಿ, ‘ಟೈಪ್ ಎ’ ಅನ್ನುವುದರಲ್ಲಿ. ನಮ್ಮ ದೇಶದ ಗಳಲೆ ಲಸಿಕೆ ತಯಾರಾಗುವುದು ಟೈಪ್ ಬಿ ರೋಗಾಣುವಿನಿಂದ. ಪಿ52 ಅನ್ನುವ ತಳಿ, ಬಿ:2 ಗುಂಪಿನದು. ಕುಲ ಒಂದೇ, ಹೆಸರು ಒಂದೇ, ಹೊದ್ದ ಕಂಬಳಿ ಮಾತ್ರ ಬೇರೆ.

ಕಂಬಳಿ ಅಂತ ಸುಮ್ನೆ ಚಳ್ಳಕೆರೆಯವರನ್ನು ಮೆಚ್ಚಿಸಲು ಹೇಳುತ್ತಿಲ್ಲ. ಈ ರೋಗಾಣುವಿನ ಮೈಮೇಲೆ ನಿಜವಾಗಿಯೂ ಸಕ್ಕರೆಯಂಥ ಅಂಟು ಪದಾರ್ಥದ ಒಂದು ಹೊದಿಕೆ ಇರುತ್ತದೆ. ಪ್ರಯೋಗಾಲಯದಲ್ಲಿ ನಾವು ಅದನ್ನು ಕ್ಯಾಪ್ಸೂಲ್ ಅಂತೀವಿ. ರಕ್ತದ ಅಗಾರ್ ತಟ್ಟೆಯಲ್ಲಿ ಟೈಪ್ ಎ ಬೆಳೆಸಿದರೆ ಮರುದಿನ ಬೆಳಗ್ಗೆ ನೀರಹನಿಯಂಥ ದಪ್ಪ ಚುಕ್ಕೆಗಳು ಕಾಣುತ್ತವೆ. ತಂತಿಯಿಂದ ಮುಟ್ಟಿದರೆ ಬೆಂಡೆಕಾಯಿ ಲೋಳೆ ಥರ ಎಳೆ ಎಳೆಯಾಗಿ ಬರುತ್ತದೆ. ಆ ಲೋಳೆಯೇ ಕಂಬಳಿ. ತಟ್ಟೆ ಮುಚ್ಚಳ ತೆಗೆದರೆ ಒಂದು ಥರದ ವಾಸನೆ ಬೇರೆ. ಮೂವತ್ತು ವರ್ಷ ಮೂಸಿದವರಿಗೆ ಹೆಸರು ಬರೆದಿರದಿದ್ದರೂ ತಟ್ಟೆಯಲ್ಲಿ ಯಾರಿದ್ದಾರೆ ಅಂತ ಗೊತ್ತಾಗುತ್ತದೆ. (ಹೀಗೆ ಮೂಸಬಾರದು ಅಂತ ಈಗಿನ ಹುಡುಗರಿಗೆ ಹೇಳಿಕೊಡುತ್ತೇವೆ. ಅದೇ ಸರಿ.)

ಪಾಶ್ಚುರೆಲ್ಲಾ ಮಲ್ಟೊಸಿಡಾದಲ್ಲಿ ಇಂಥ ಕಂಬಳಿ ಐದು ಥರ: ಎ, ಬಿ, ಡಿ, ಇ, ಎಫ್. ಏಷ್ಯಾದಲ್ಲಿ ಎಮ್ಮೆ, ದನಗಳಿಗೆ ಗಳಲೆ ತರುವುದು ಬಿ. ಆಫ್ರಿಕಾದಲ್ಲಿ ಅದೇ ಕಾಯಿಲೆಗೆ ಇ ಕೂಡ ಕಾರಣ. ಎ ಅನ್ನುವುದು ಕುರಿ, ಮೇಕೆ, ಕರುಗಳ ನ್ಯುಮೋನಿಯಾದಲ್ಲೂ ಕೋಳಿಗಳ ಕಾಲರಾದಲ್ಲೂ ಜಾಸ್ತಿ ಸಿಗುತ್ತದೆ. ಲೂಯಿ ಪಾಶ್ಚರ್ 1880ರ ಸುಮಾರಿಗೆ ಕೋಳಿಗಳ ಮೇಲೆ ಪ್ರಯೋಗ ಮಾಡಿ, ಹಳೆಯದಾದ ರೋಗಾಣು ಬೆಳೆ ಕೋಳಿಯನ್ನು ಕೊಲ್ಲದೆ ಅದಕ್ಕೆ ರಕ್ಷಣೆ ಕೊಡುತ್ತದೆ ಅಂತ ತೋರಿಸಿದ್ದು ಇದೇ ರೋಗಾಣುವಿನಲ್ಲಿ. ಹೆಸರು ಬಂದಿದ್ದೂ ಅವರಿಂದಲೇ.

ಕಂಬಳಿ ಬೇರೆಯಾದರೆ ಅಷ್ಟೇನು ವ್ಯತ್ಯಾಸ ಅಂತ ಕೇಳಬಹುದು. ನೀವು ಕುರಿಗೆ ಬಣ್ಣ ಹಚ್ಚಿ ಗುರುತು ಮಾಡುತ್ತೀರಲ್ವಾ? ಎರಡು ಮಂದೆ ಒಂದೇ ಗದ್ದೆಯಲ್ಲಿ ಬೆರೆತಾಗ ನಿಮ್ಮ ಹುಡುಗ ಕುರಿಯ ಮುಖ ನೋಡುತ್ತಾ ಕೂರುವುದಿಲ್ಲ, ಬೆನ್ನ ಮೇಲಿನ ಬಣ್ಣ ನೋಡಿ ಎಳೆದುಕೊಳ್ಳುತ್ತಾನೆ. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳೂ ಹಾಗೆಯೇ. ರೋಗಾಣುವಿನ ಹೊಟ್ಟೆಯೊಳಗೆ ಏನಿದೆ ಅಂತ ಅವು ನೋಡುವುದಿಲ್ಲ. ಮೈಮೇಲಿನ ಗುರುತು ಹಿಡಿಯುತ್ತವೆ. ಕೆಂಪು ಗುರುತು ತೋರಿಸಿ ತಯಾರು ಮಾಡಿದ ಕಾವಲಿಗೆ ನೀಲಿ ಗುರುತಿನದು ಕಣ್ಣಿಗೇ ಬೀಳುವುದಿಲ್ಲ. ಈ ರೋಗಾಣುವಿನಲ್ಲಿ ಗುರುತು ಕಂಬಳಿಯೊಂದೇ ಅಲ್ಲ. ಅದರ ಕೆಳಗೆ ಇನ್ನೊಂದು ಪದರ ಇದೆ. ಅದು ಕೊಬ್ಬು ಮತ್ತು ಸಕ್ಕರೆ ಸೇರಿದ್ದು, ಅದರಲ್ಲಿ 16 ನಮೂನೆ ಗುರುತಿಸಿದ್ದಾರೆ. ಬಿ:2 ಅನ್ನುವುದರಲ್ಲಿ 2 ಅಂದರೆ ಆ ಒಳಪದರದ ನಂಬರು. ಕೊಂದ ರೋಗಾಣುವಿನಿಂದ ಮಾಡಿದ ಲಸಿಕೆಯ ರಕ್ಷಣೆ ಬಹುಪಾಲು ಈ ಒಳಪದರದ ಗುರುತಿನ ಮೇಲೆಯೇ ನಿಂತಿರುತ್ತದೆ. ಹಾಗಾಗಿ ಬಿ:2 ಲಸಿಕೆ ಬಿ:2 ಬಂದರೆ ಚೆನ್ನಾಗಿ ತಡೆಯುತ್ತದೆ. ಎ ಬಂದರೆ ಅದರಿಂದ ದೊಡ್ಡ ಉಪಕಾರ ನಿರೀಕ್ಷಿಸಬೇಡಿ.

ಎ ಕಂಬಳಿಯಲ್ಲಿ ಇನ್ನೊಂದು ಕಿತಾಪತಿ ಇದೆ. ಅದು ಹಯಲುರಾನಿಕ್ ಆಮ್ಲ ಅನ್ನುವ ಪದಾರ್ಥ. ಕುರಿಯ ಕೀಲಿನ ನೀರಿನಲ್ಲಿ, ಚರ್ಮದಲ್ಲಿ, ನಮ್ಮ ನಿಮ್ಮ ಮೈಯಲ್ಲೂ ಇರುವಂಥದ್ದೇ. ಕಳ್ಳ ನಿಮ್ಮದೇ ಕಂಬಳಿ ಹೊದ್ದು ನಿಮ್ಮ ರೊಪ್ಪದೊಳಗೆ ಬಂದಂತೆ. ನಾಯಿ ಬೊಗಳುವುದಾದರೂ ಹೇಗೆ? ಮೈಗೆ ಅದು ಪರಕೀಯ ಅಂತ ಅನ್ನಿಸುವುದೇ ಕಷ್ಟ. ರಕ್ತದಲ್ಲಿ ಗಸ್ತು ತಿರುಗುವ ಬಿಳಿಕಣಗಳಿಗೆ ಆ ಲೋಳೆ ಜಾರುತ್ತದೆ, ನುಂಗಲು ಹಿಡಿತ ಸಿಗುವುದಿಲ್ಲ.

ಕಂಬಳಿ ಕಿತ್ತು ಹಾಕಿದರೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದಾರೆ. ಇದಕ್ಕೆ ನಿಮ್ಮ ಮಗ ಓದುವ ಪುಸ್ತಕದಲ್ಲೇ ಉದಾಹರಣೆ ಇರುತ್ತದೆ, 1928ರ ಗ್ರಿಫಿತ್ ಪ್ರಯೋಗ. ಅದು ಮನುಷ್ಯರ ನ್ಯುಮೋನಿಯಾ ರೋಗಾಣು. ನುಣುಪು ಚುಕ್ಕೆಯದ್ದಕ್ಕೆ ಕಂಬಳಿ ಇತ್ತು, ಚುಚ್ಚಿದ ಇಲಿ ಸತ್ತವು. ಒರಟು ಚುಕ್ಕೆಯದ್ದಕ್ಕೆ ಕಂಬಳಿ ಇರಲಿಲ್ಲ, ಇಲಿ ಬದುಕಿದವು. ಕಾಲೇಜಿನಲ್ಲಿ ಇದನ್ನು ಡಿಎನ್‌ಎ ಪಾಠಕ್ಕೆ ಮುನ್ನುಡಿಯಾಗಿ ಓದಿಸಿ ಮುಂದೆ ಹೋಗುತ್ತಾರೆ. ಕಂಬಳಿ ಇದ್ದರೆ ಸಾವು, ಇಲ್ಲದಿದ್ದರೆ ಬದುಕು ಅನ್ನುವ ಅರ್ಧ ಅಲ್ಲೇ ಉಳಿಯುತ್ತದೆ. ನಮ್ಮ ಗಳಲೆ ರೋಗಾಣುವಿನ ಮೇಲೂ 2000ದಲ್ಲಿ ಆಸ್ಟ್ರೇಲಿಯಾದಲ್ಲಿ ಇದನ್ನೇ ಮಾಡಿದರು. ಟೈಪ್ ಬಿ ತಳಿಯೊಂದರಲ್ಲಿ ಕಂಬಳಿಯನ್ನು ಹೊರಗೆ ಸಾಗಿಸುವ ಜೀನ್ ಒಂದನ್ನು ಕೆಡಿಸಿ ಇಲಿಗೆ ಕೊಟ್ಟರು. ಕಂಬಳಿ ಇದ್ದದ್ದು ಇಲಿಯ ರಕ್ತದಲ್ಲಿ ಬೆಳೆಯುತ್ತಾ ಹೋಯಿತು. ಇಲ್ಲದ್ದನ್ನು ಇಲಿಯ ಮೈ ಗುಡಿಸಿ ಹಾಕಿತು.

ಈಗ ‘ಲಸಿಕೆ ಹಾಕಿ ಹಾಕಿ ಕ್ರಿಮಿ ವೇಷ ಬದಲಾಯಿಸಿದೆ’ ಅನ್ನುವ ಮಾತಿಗೆ ಬರೋಣ. ಇದರಲ್ಲಿ ಒಂದು ಚೂರು ನಿಜ ಇದೆ, ಆದರೆ ಅವರು ಅಂದುಕೊಂಡ ಕಡೆ ಅಲ್ಲ. ರೋಗಾಣುಗಳ ಮೈ ಬದಲಾಗುತ್ತದೆ ಅನ್ನುವುದು ನಿಜ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತಳಿಯನ್ನು ತಿಂಗಳುಗಟ್ಟಲೆ ಟ್ಯೂಬಿನಿಂದ ಟ್ಯೂಬಿಗೆ ಸಾಗಿಸಿ ಇಟ್ಟುಕೊಂಡಿದ್ದೆ. ಆಮೇಲೆ ಇಲಿಗೆ ಕೊಟ್ಟರೆ ಒಂದೂ ಸಾಯಲಿಲ್ಲ. ಮಾರನೇ ದಿನ ಬೋನಿನಲ್ಲಿ ಆರಾಮಾಗಿ ಕಾಳು ತಿನ್ನುತ್ತಿದ್ದವು. ಹಿರಿಯರೊಬ್ಬರು ನನ್ನ ತಟ್ಟೆಯನ್ನು ಬೆಳಕಿಗೆ ಹಿಡಿದು, ‘ಚುಕ್ಕೆ ಎಷ್ಟು ಸಣ್ಣಗೆ, ಒಣಗಿದಂಗೆ ಕಾಣ್ತವೆ ನೋಡು. ನೀನು ಇವನ್ನ ಬೆತ್ತಲೆ ಮಾಡಿದೀಯ’ ಅಂದರು. ಟ್ಯೂಬಿನಲ್ಲಿ ಹೊಟ್ಟೆ ತುಂಬ ಊಟ, ಶತ್ರು ಇಲ್ಲ. ಅಲ್ಲಿ ಕಂಬಳಿ ನೇಯುವುದು ಬರೀ ದಂಡ. ನೇಯದೆ ಕೂತವು ಬೇಗ ಬೆಳೆದು ತಟ್ಟೆ ತುಂಬಿಕೊಳ್ಳುತ್ತವೆ. ಇದರ ಹಿಂದಿನ ಗುಟ್ಟು 2010ರಲ್ಲಿ ಹೊರಬಂತು. ಕಂಬಳಿ ಜೀನ್‌ಗಳನ್ನು ಚಾಲು ಮಾಡುವ ಒಂದು ಯಜಮಾನ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಸಾಕು, ಪೂರಾ ಕಂಬಳಿ ಹೋಗುತ್ತದೆ.

ಅದಕ್ಕೇ ಲಸಿಕೆ ತಯಾರಿಸುವ ಕಡೆ ಬೀಜದ ತಳಿಯನ್ನು ಇಲಿ ಅಥವಾ ಮೊಲದ ಮೈಯಲ್ಲಿ ಹಾಯಿಸಿ ಮತ್ತೆ ತೆಗೆಯುವ ಪದ್ಧತಿ ಇದೆ. ಇಲಿಯ ಮೈಯಲ್ಲಿ ರೋಗಾಣು ಹೊಸ ವಿದ್ಯೆ ಕಲಿಯುವುದಿಲ್ಲ. ಬೆತ್ತಲೆಯವು ಸಾಯುತ್ತವೆ, ಕಂಬಳಿ ಉಳಿಸಿಕೊಂಡ ಕೆಲವೇ ಕೆಲವು ಬದುಕಿ ಮರಿ ಹಾಕುತ್ತವೆ. ಜರಡಿ ಹಿಡಿದಂತೆ, ಅಷ್ಟೇ. ನಿಮ್ಮ ಮಂದೆಯಲ್ಲಿ ಆಗಿದ್ದು ಇದಲ್ಲ. ಟೈಪ್ ಬಿ ಒಂದು ಬೇಸಿಗೆಯಲ್ಲಿ ಬಟ್ಟೆ ಬದಲಾಯಿಸಿ ಟೈಪ್ ಎ ಆಗಲಿಲ್ಲ. ಎರಡೂ ಮೊದಲಿನಿಂದ ಬೇರೆ ಬೇರೆಯವೇ. ಟೈಪ್ ಎ ನಿಮ್ಮ ಕುರಿಗಳ ಗಂಟಲಲ್ಲಿ ಆಗಲೇ ಕೂತಿತ್ತು ಅನ್ನುವುದೇ ಹೆಚ್ಚು ಸಂಭವ. ಆರೋಗ್ಯವಾಗಿರುವ ಕುರಿಯ ಮೂಗು, ಗಂಟಲಲ್ಲಿ ಇದು ಬಾಡಿಗೆದಾರನ ಹಾಗೆ ಇರುತ್ತದೆ. ಲಾರಿಯಲ್ಲಿ ಒತ್ತೊತ್ತಾಗಿ ನಿಂತು, ದೂಳು ಕುಡಿದು, ನೀರಿಲ್ಲದೆ ಬಂದು, ಅದೇ ರಾತ್ರಿ ನೆನೆದವಲ್ಲ, ಆಗ ಶ್ವಾಸನಾಳದ ಒಳಗೋಡೆಯ ಕಾವಲು ಸಡಿಲವಾಯಿತು. ಗಂಟಲಲ್ಲಿದ್ದದ್ದು ಕೆಳಗಿಳಿಯಿತು. ಮಳೆ ಆದ ನಾಲ್ಕನೇ ದಿನ ಕೆಮ್ಮು ಶುರುವಾಗಿದ್ದು ಇದಕ್ಕೆ ಸರಿಹೊಂದುತ್ತದೆ.

ಇನ್ನು ನಿಮ್ಮ ಮಗನ ಪ್ರಶ್ನೆ. ನಾಲ್ಕು ಮಾತಿನಲ್ಲಿ ಅವನದೇ ಒಳ್ಳೆಯದು. ಹೌದು, ಇಲಿಯಲ್ಲಿ ಪರೀಕ್ಷೆ ಆಗಿರುತ್ತದೆ. ಲಸಿಕೆ ಕೊಟ್ಟ ಇಲಿಗೂ ಕೊಡದ ಇಲಿಗೂ ಜೀವಂತ ರೋಗಾಣು ಚುಚ್ಚುತ್ತಾರೆ. ಕೊಡದವು ಸಾಯಬೇಕು, ಕೊಟ್ಟವು ಉಳಿಯಬೇಕು. ಆದರೆ ಚುಚ್ಚುವ ರೋಗಾಣು ಯಾವುದು? ಲಸಿಕೆ ಮಾಡಿದ ಗುಂಪಿನದೇ, ಅಂದರೆ ಬಿ. ‘ಇದೇ ಕಂಬಳಿಯವನು ಬಂದರೆ ತಡೆಯುತ್ತೀಯಾ’ ಅಂತ ಇಲಿಯನ್ನು ಕೇಳಿದರು, ಅದು ‘ಹೂಂ’ ಅಂದಿತು. ನಿಮ್ಮ ಕುರಿಗೆ ಬಂದ ಪ್ರಶ್ನೆಯನ್ನು ಇಲಿಗೆ ಯಾರೂ ಕೇಳಿರಲಿಲ್ಲ.

ಇನ್ನೊಂದು ವಿಷಯ ಇದೆ. ಇಲಿ ಈ ರೋಗಾಣುವಿಗೆ ಅತೀ ನಾಜೂಕು. ಗಳಲೆಯ ಬಿ ತಳಿಯ ಹತ್ತು ಜೀವಕಣ ಹೊಟ್ಟೆಗೆ ಚುಚ್ಚಿದರೂ ಇಲಿ ಸಾಯಬಹುದು. ರೋಗಾಣು ನೇರ ರಕ್ತಕ್ಕೆ ನುಗ್ಗಿ ಒಂದೆರಡು ದಿನದಲ್ಲಿ ಕತೆ ಮುಗಿಸುತ್ತದೆ. ಎಮ್ಮೆಯ ಗಳಲೆಯೂ ಹೆಚ್ಚುಕಡಿಮೆ ಹೀಗೇ ರಕ್ತದ ಕಾಯಿಲೆ, ಆದ್ದರಿಂದ ಅದಕ್ಕೆ ಇಲಿ ಒಳ್ಳೆಯ ಮಾದರಿ. ಕುರಿಯ ನ್ಯುಮೋನಿಯಾ ಬೇರೆ ಥರ. ರೋಗಾಣು ಗಂಟಲಲ್ಲಿ ಕಾದು ಕೂತು, ಉಸಿರಿನ ದಾರಿಯಲ್ಲಿ ಇಳಿದು, ಶ್ವಾಸಕೋಶದಲ್ಲಿ ತಳವೂರುತ್ತದೆ. ರಕ್ತದಲ್ಲಿರುವ ಪ್ರತಿಕಾಯ ಅಲ್ಲಿಗೆ ಹೊತ್ತಿಗೆ ಸರಿಯಾಗಿ, ಸಾಕಷ್ಟು ಪ್ರಮಾಣದಲ್ಲಿ ತಲುಪಬೇಕು. ಹೊಟ್ಟೆಗೆ ಸೂಜಿ ಚುಚ್ಚಿದ ಇಲಿಯಲ್ಲಿ ಈ ಕಷ್ಟ ಕಾಣಿಸುವುದಿಲ್ಲ.

ಇದರ ಹತ್ತಿರದ ನೆಂಟ ಮ್ಯಾನ್‌ಹೈಮಿಯಾ ಹೀಮೊಲಿಟಿಕಾ ಅಂತ ಇದೆ, ಕುರಿ ನ್ಯುಮೋನಿಯಾದಲ್ಲಿ ಇದರ ಕೈವಾಡವೂ ದೊಡ್ಡದು. ಅದಕ್ಕೆ ಇಲಿ ಬಲು ಕೆಟ್ಟ ಮಾದರಿ. ಅದು ಬಿಡುವ ವಿಷ ಮೆಲುಕು ಹಾಕುವ ಪ್ರಾಣಿಗಳ ಬಿಳಿಕಣಗಳನ್ನು ಮಾತ್ರ ಕೊಲ್ಲುತ್ತದೆ, ಇಲಿಯದಕ್ಕೆ ಏನೂ ಆಗುವುದಿಲ್ಲ. ಅದರ ಮೈಮೇಲೆ ರಕ್ತದಿಂದ ಕಬ್ಬಿಣ ಕಸಿಯುವ ಕೊಕ್ಕೆಗಳಿವೆ. ಅವೂ ಕುರಿ, ದನದಂಥ ಪ್ರಾಣಿಗಳ ಕಬ್ಬಿಣ ಹೊರುವ ಪ್ರೋಟೀನನ್ನು ಮಾತ್ರ ಹಿಡಿಯುತ್ತವೆ. ತಮಾಷೆ ಅಂದರೆ, ಕಬ್ಬಿಣ ಧಾರಾಳವಾಗಿರುವ ಸಾರಿನಲ್ಲಿ ಬೆಳೆಸಿದರೆ ರೋಗಾಣು ಆ ಕೊಕ್ಕೆಗಳನ್ನು ಹೊರಗೆ ತೆಗೆಯುವುದೇ ಇಲ್ಲ. ಅಂಥ ಬೆಳೆಯಿಂದ ಲಸಿಕೆ ಮಾಡಿದರೆ ಕುರಿಯ ಮೈಗೆ ಕೊಕ್ಕೆಯ ಗುರುತೇ ಸಿಗುವುದಿಲ್ಲ. ಇದನ್ನು ಅರಿತು ಬ್ರಿಟನ್ನಿನಲ್ಲಿ ಕಬ್ಬಿಣ ಕಡಿಮೆ ಮಾಡಿ ಬೆಳೆಸಿದ ರೋಗಾಣುವಿನಿಂದ ಕುರಿಗೆ ಲಸಿಕೆ ಮಾಡಿದ್ದಾರೆ. ಮೈಮೇಲಿನ ವೇಷ ರೋಗಾಣು ಎಲ್ಲಿ ಬೆಳೆಯಿತು ಅನ್ನುವುದರ ಮೇಲೂ ನಿಂತಿದೆ ಅಂತಾಯ್ತು.

‘ಲಸಿಕೆ ಬರೀ ನೀರು’ ಅನ್ನುವವರಿಗೆ ಒಂದೇ ಮಾತು. ನಿಮ್ಮ ಮಂದೆಗೆ ಟೈಪ್ ಬಿ ಬಂದು ಕುರಿ ಸತ್ತಿದ್ದರೆ ಆ ಅನುಮಾನಕ್ಕೆ ಅರ್ಥ ಇತ್ತು. ಆಗಲೂ ನಾನು ಮೊದಲು ಕೇಳುವುದು ಬಾಟಲಿ ಎಲ್ಲಿತ್ತು ಅಂತ. 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕಾದ್ದು ಬೈಕಿನ ಡಿಕ್ಕಿಯಲ್ಲಿ ಮೇ ತಿಂಗಳ ಬಿಸಿಲು ಕಂಡರೆ ಕೆಡುತ್ತದೆ. ಫ್ರೀಜರಿನಲ್ಲಿ ಗಡ್ಡೆ ಕಟ್ಟಿದರೂ ಈ ಲಸಿಕೆ ಕೆಡುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ‘ಜಾಸ್ತಿ ತಂಪು ಒಳ್ಳೇದು’ ಅಂತ ಐಸಿನ ಮೇಲೇ ಕೂರಿಸುತ್ತಾರೆ.

ಡಬಲ್ ಡೋಸ್ ಬೇಡ. ಎರಡು ಕೆಂಪು ಗುರುತು ತೋರಿಸಿದರೆ ನೀಲಿ ಗುರುತು ಕಲಿತಂತಾಗುವುದಿಲ್ಲ. ಚುಚ್ಚಿದ ಜಾಗ ಊದಿಕೊಳ್ಳುತ್ತದೆ, ಜ್ವರ ಬರುತ್ತದೆ, ಗಬ್ಬದ ಕುರಿ ಕಂದು ಹಾಕುವ ಅಪಾಯ ಬೇರೆ. ಹಾಗಂತ ಲಸಿಕೆ ಬಿಡುವುದೂ ಬೇಡ. ಗಳಲೆ ಬಂದರೆ ಹತ್ತು ದಿನ ಕಾಯುವುದಿಲ್ಲ, ಒಂದೆರಡು ದಿನದಲ್ಲೇ ಮುಗಿಸಿಬಿಡುತ್ತದೆ. ಭದ್ರಾ ನಾಲೆಯ ಬಯಲಿನಲ್ಲಿ ಎಮ್ಮೆ, ದನಗಳ ಜೊತೆ ನೀರು ಹಂಚಿಕೊಳ್ಳುವ ಮಂದೆ ನಿಮ್ಮದು. ಆಲಂ (ಪಟಿಕ) ಹಾಕಿದ ಲಸಿಕೆಯ ರಕ್ಷಣೆ ಸುಮಾರು ಆರು ತಿಂಗಳು, ಎಣ್ಣೆ ಬೆರೆಸಿದ್ದರದು ಸುಮಾರು ಒಂದು ವರ್ಷ. ರಕ್ಷಣೆ ಶುರುವಾಗಲು ಎರಡು ಮೂರು ವಾರ ಬೇಕು. ನೀವು ಏಪ್ರಿಲ್‌ನಲ್ಲಿ ಹಾಕಿಸಿದ್ದು ಸರಿಯಾಗಿಯೇ ಇದೆ.

ಹಾಗಾದರೆ ಟೈಪ್ ಎಗೆ ಏನು ಮಾಡುವುದು? ನಿಮ್ಮ ಮಂದೆಯಲ್ಲೇ ಸಿಕ್ಕಿದ ತಳಿಯಿಂದ ನಿಮ್ಮ ಮಂದೆಗೇ ಲಸಿಕೆ ಮಾಡಿಸುವ ದಾರಿ ಒಂದಿದೆ. ಕೇಳಲು ಚೆಂದ. ಆದರೆ ಅದನ್ನು ಪರವಾನಗಿ ಇರುವ ಪ್ರಯೋಗಾಲಯವೇ ಮಾಡಬೇಕು, ವಾರಗಟ್ಟಲೆ ಹಿಡಿಯುತ್ತದೆ, ಖರ್ಚು ಇದೆ. ಮುಂದಿನ ವರ್ಷ ಮ್ಯಾನ್‌ಹೈಮಿಯಾ ಬಂದರೆ ಅದು ಕೆಲಸಕ್ಕೆ ಬರುವುದಿಲ್ಲ. 140 ಕುರಿಯ ಮಂದೆಗೆ, ಒಂದೇ ವರ್ಷದ ಒಂದೇ ವರದಿ ನಂಬಿ, ಇದನ್ನು ನಾನು ಹೇಳುವುದಿಲ್ಲ. ಎರಡು ಮೂರು ವರ್ಷ ಇದೇ ಟೈಪ್ ಎ ಮತ್ತೆ ಮತ್ತೆ ಸಿಕ್ಕಿದರೆ ಆಗ ನಿಮ್ಮ ಪಶುವೈದ್ಯರ ಜೊತೆ ಕೂತು ಮಾತಾಡಬಹುದು.

ಔಷಧ ಇದೆ. ಆಕ್ಸಿಟೆಟ್ರಾಸೈಕ್ಲಿನ್‌ನಂಥ ಆಂಟಿಬಯೋಟಿಕ್ ಬೇಗ ಶುರು ಮಾಡಿದರೆ ಬಹಳಷ್ಟು ಕುರಿ ಉಳಿಯುತ್ತವೆ. ಬೇಗ ಅಂದರೆ ಜ್ವರ ಬಂದು ಮೇವು ಬಿಟ್ಟ ದಿನವೇ. ಬಾಯಿ ತೆರೆದು ಉಸಿರಾಡುವ ಹೊತ್ತಿಗೆ ಶ್ವಾಸಕೋಶ ಗಟ್ಟಿಯಾಗಿರುತ್ತದೆ. ನಮ್ಮ ಕಡೆ ಆಗುವ ತಪ್ಪು, ಅಂಗಡಿಯಿಂದ ಒಂದು ಬಾಟಲಿ ತಂದು ಹತ್ತು ಕುರಿಗೆ ಅಂದಾಜಿಗೆ ಹಂಚಿ, ಮೇವು ಮುಟ್ಟಿದ ತಕ್ಷಣ ನಿಲ್ಲಿಸುವುದು. ಅರ್ಧ ಸತ್ತ ರೋಗಾಣುಗಳಲ್ಲಿ ಗಟ್ಟಿಯವು ಉಳಿದುಕೊಳ್ಳುತ್ತವೆ. ಅದೂ ಒಂದು ಜರಡಿಯೇ. ಎಷ್ಟು, ಎಷ್ಟು ದಿನ, ಆಮೇಲೆ ಎಷ್ಟು ದಿನ ಮಾಂಸಕ್ಕೆ ಮಾರಬಾರದು ಅನ್ನುವುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಇನ್ನೊಂದು, ಕೆಮ್ಮುವ ಕುರಿಯ ತಲೆ ಮೇಲೆತ್ತಿ ಹಿಡಿದು ಗೊಟ್ಟದಲ್ಲಿ ಎಣ್ಣೆ, ಕಷಾಯ ಸುರಿಯಬೇಡಿ. ಎಷ್ಟೋ ಕುರಿಯ ಶ್ವಾಸಕೋಶ ಕುಯ್ದಾಗ ರೋಗಾಣುವಿಗಿಂತ ಮೊದಲು ಕಡಲೆಕಾಯಿ ಎಣ್ಣೆ ಸಿಕ್ಕಿದೆ ನನಗೆ.

ನಿಮ್ಮ ದುಡ್ಡು, ಶ್ರಮ ಎರಡಕ್ಕೂ ಜಾಸ್ತಿ ಬೆಲೆ ಬರುವುದು ಪ್ರಯಾಣದ ಸುತ್ತ. ಪಿಪಿಆರ್ (ಕುರಿ, ಮೇಕೆಗಳಿಗೆ ಬರುವ ಒಂದು ವೈರಸ್ ಕಾಯಿಲೆ) ಲಸಿಕೆ ಹಾಕಿಸಿದ್ದೀರಾ ಅಂತ ಬರೆದಿಲ್ಲ. ಆ ವೈರಸ್ ಶ್ವಾಸನಾಳದ ಗೋಡೆ ಹಾಳು ಮಾಡಿ ಪಾಶ್ಚುರೆಲ್ಲಾಕ್ಕೆ ಬಾಗಿಲು ತೆಗೆದುಕೊಡುತ್ತದೆ. ಒಂದು ಡೋಸಿಗೆ ಸುಮಾರು ಮೂರು ವರ್ಷ ರಕ್ಷಣೆ, ಕಂಬಳಿ ತಾಪತ್ರಯ ಅದರಲ್ಲಿಲ್ಲ. ಶ್ವಾಸಕೋಶದ ಜಂತಿಗೂ ಔಷಧ ಹಾಕಿಸಿ. ಲಾರಿಯಲ್ಲಿ ಮರಿಗಳಿಗೆ ಬೇರೆ ಅಂಕಣ ಮಾಡಿ, ಇಳಿದ ಮೇಲೆ ಮೊದಲು ನೀರು, ಮೇವು ಕೊಡಿ. ಮೊದಲ ಎರಡು ಮೂರು ರಾತ್ರಿಗಾದರೂ ನೆತ್ತಿಗೆ ಟಾರ್ಪಾಲು ಇರಲಿ. ಪಕ್ಕ ಪೂರಾ ಮುಚ್ಚಬೇಡಿ, ರೊಪ್ಪದೊಳಗೆ ಹಬೆ ಕಟ್ಟಿದರೆ ನೆನೆಯುವುದಕ್ಕಿಂತ ಕೆಟ್ಟದ್ದು.

ಮತ್ತೆ ಕುರಿ ಸತ್ತರೆ, ಕುಯ್ಯುವ ಮೊದಲು ಮೂಗು, ಗುದದ್ವಾರ ನೋಡಿ. ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಮುಟ್ಟಬೇಡಿ, ಕುಯ್ಯಬೇಡಿ. ಅದು ನೆರಡಿ (ಆಂಥ್ರಾಕ್ಸ್) ಇರಬಹುದು, ಮನುಷ್ಯರಿಗೂ ಬರುತ್ತದೆ. ಪಶು ಆಸ್ಪತ್ರೆಗೆ ಫೋನ್ ಮಾಡಿ, ಅವರು ಬಂದು ರಕ್ತದ ಲೇಪ ತೆಗೆದುಕೊಳ್ಳಲಿ. ಹಾಗಿಲ್ಲದಿದ್ದರೆ, ಸತ್ತು ಕೆಲವೇ ಗಂಟೆ ಆಗಿರುವ, ಔಷಧ ಬೀಳದ ಕುರಿಯನ್ನು ವೈದ್ಯರು ಆರಿಸಲಿ. ಶ್ವಾಸಕೋಶದಲ್ಲಿ ಗಟ್ಟಿಯಾದ ಕೆಂಪು ಭಾಗವೂ ಮೆತ್ತಗಿನ ಒಳ್ಳೆಯ ಭಾಗವೂ ಸೇರುವ ಗಡಿಯ ತುಂಡು ಬೇಕು. ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸಾಯುತ್ತದೆ, ಬೆಳೆಸಲು ಬರುವುದಿಲ್ಲ. ಐಸ್ ಡಬ್ಬಿಯಲ್ಲಿ ಅವತ್ತೇ ಕಳಿಸಿ. ಬರೀ ಮೂಗಿನ ಸಿಂಬಳ ಕಳಿಸಿದರೆ ಗಂಟಲಿನ ಬಾಡಿಗೆದಾರ ಸಿಗುತ್ತಾನೆ, ಕೊಲೆಗಾರ ಅವನೇ ಅಂತ ಹೇಳಲಾಗುವುದಿಲ್ಲ. ಜೊತೆಗೆ ಒಂದು ಚೀಟಿ ಇಡಿ: ಯಾವ ಲಸಿಕೆ, ಯಾವ ಬ್ಯಾಚ್, ಯಾವತ್ತು ಹಾಕಿಸಿದ್ದು, ಊರಿಗೆ ಬಂದಿದ್ದು ಯಾವತ್ತು, ಯಾವ ಔಷಧ ಕೊಟ್ಟಿರಿ. ಕೆಳಗೆ ‘ಟೈಪ್ ಕೂಡ ನೋಡಿ’ ಅಂತ ಬರೆಯಿರಿ. ಆ ಮಾತು ಕೇಳದಿದ್ದರೆ ಎಷ್ಟೋ ಸಲ ವರದಿ ಬರೀ ಕುಲದ ಹೆಸರಿಗೇ ನಿಂತುಬಿಡುತ್ತದೆ.